ಎಂಟೇ ತಿಂಗಳಿಗೆ ಹರಿದ ಬುಷ್: ಒಂದು ಸಸ್ಪೆನ್ಷನ್ ಪ್ರಕರಣ

ಗಾಡಿ: ಸಣ್ಣ ಪೆಟ್ರೋಲ್ ಕಾರು, 2013ರ ಮಾಡೆಲ್, ಓಡಿದ್ದು 1,12,000 ಕಿಲೋಮೀಟರ್. ಮಾಲೀಕರು ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟ್ರು, ಅಂದರೆ ಲೆಕ್ಕಪತ್ರ ನೋಡುವವರು. ದೂರು: ಬ್ರೇಕ್ ಹಿಡಿದಾಗ ಮುಂದೆ ಶಬ್ದ.

ಸೆಪ್ಟೆಂಬರ್ ಕೊನೆಯ ವಾರ. ಮಳೆ ಆಗ ತಾನೇ ಕಡಿಮೆಯಾಗಿತ್ತು. ಹಾಸನದ ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗಿರುವ ನಮ್ಮ ಗ್ಯಾರೇಜಿಗೆ ಇದು ಸುಗ್ಗಿ. ಶಿರಾಡಿ ಘಾಟಿ ಕಡೆ ಓಡಾಡುವ ಗಾಡಿಗಳೆಲ್ಲ ಮೂರು ತಿಂಗಳು ಗುಂಡಿಗೆ ಬಿದ್ದು ಎದ್ದು, ಒಂದೊಂದೂ ಒಂದೊಂದು ರಾಗ ತೆಗೆದುಕೊಂಡು ಬರುತ್ತವೆ.

ರೈಟ್ರು ಇಳಿಯುವಾಗಲೇ ಮುಖ ಗಂಟು ಹಾಕಿಕೊಂಡಿದ್ದರು. "ಅಣ್ಣ, ಮತ್ತೆ ಅದೇ ಶಬ್ದ ನೋಡಿ. ಬ್ರೇಕ್ ತುಳಿದ್ರೆ ಲಟಕ್, ಬಿಟ್ರೆ ಲಟಕ್. ನಮ್ಮ ಭಾವಮೈದ ಶಾಕ್ ಅಬ್ಸಾರ್ಬರ್ ಹೋಗಿದೆ ಅಂತಾನೆ. ಇನ್ನೊಂದು ಕಡೆ ತೋರಿಸಿದೆ. ಶಾಕ್, ಸ್ಟೇರಿಂಗ್ ರ‍್ಯಾಕ್ ಎಲ್ಲ ಸೇರಿ ಇಪ್ಪತ್ತೆಂಟು ಸಾವಿರ ಅಂದ್ರು."

ಅವರು "ಮತ್ತೆ" ಅಂದಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಬಿದ್ದಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಮೊದಲು ಡಿಕ್ಕಿ ಖಾಲಿ ಮಾಡಿಸಿದೆ. ಛತ್ರಿ, ಗಂಬೂಟು, ಅರ್ಧ ಚೀಲ ಗೊಬ್ಬರ, ಕಳೆ ಕೊಚ್ಚುವ ಮೆಷಿನ್ನಿನ ಬಿಡಿಭಾಗ ಎಲ್ಲ ಹೊರಗೆ ಬಂತು. ಶಬ್ದ ಹುಡುಕಲು ಹೊರಟಾಗ ಇದು ಮೊದಲ ಕೆಲಸ, ಯಾಕೆಂದರೆ ಅರ್ಧಕ್ಕರ್ಧ ಶಬ್ದ ಅಲ್ಲಿಂದಲೇ ಬರುತ್ತದೆ. ಸ್ಟೆಪ್ನಿ ಮತ್ತು ಜಾಕನ್ನೂ ಹುಡುಗ ತೆಗೆದಿಟ್ಟ. ಆಮೇಲೆ ಟೆಸ್ಟ್ ಡ್ರೈವ್. ಇಂಥ ಕಡೆ ನಾನು ಸ್ಟೇರಿಂಗ್ ಹಿಡಿಯುವುದಿಲ್ಲ. ಮಾಲೀಕರೇ ಓಡಿಸಬೇಕು, ನಾನು ಪಕ್ಕದಲ್ಲಿ ಕೂರಬೇಕು. ಶಬ್ದ ಬರುವುದು ಅವರು ಓಡಿಸುವ ರೀತಿಗೆ. ನಾನು ಓಡಿಸಿದರೆ ನನಗೇ ಗೊತ್ತಿಲ್ಲದೆ ಗುಂಡಿ ತಪ್ಪಿಸಿಬಿಡುತ್ತೇನೆ.

ಸಸ್ಪೆನ್ಷನ್ ಕೆಲಸ ಮಾಡುವವರಿಗೆ ನಮ್ಮ ಭಾಷೆ ಬಹಳ ಅನುಕೂಲ. ಗ್ರಾಹಕರು ಶಬ್ದವನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ, ಆ ಶಬ್ದದಲ್ಲೇ ಅರ್ಧ ಉತ್ತರ ಇರುತ್ತದೆ. ಕಿತ್ತುಹೋದ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ "ಲೊಟಲೊಟ" ಅಂದರೆ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ, ಅಂದರೆ ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಸಣ್ಣ ಕಡ್ಡಿ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ "ಟಂಗ್" ಅಂದರೆ ಶಾಕಿನ ತಲೆಯ ಮೌಂಟ್ ಬೇರಿಂಗ್ ಹಿಡಿದುಕೊಂಡಿದೆ. ಸ್ಪ್ರಿಂಗು ಅದರ ಜೊತೆ ತಿರುಗಲಾರದೆ ತಿರುಚಿಕೊಂಡು ನಿಂತು, ಒಮ್ಮೆಲೇ ಬಿಡುತ್ತದೆ. ಹಂಪ್ ಇಳಿದ ತಕ್ಷಣ "ಧಡ್" ಅಂದು ಗಾಡಿ ಎರಡು ಮೂರು ಸಲ ತೂಗಿದರೆ ಶಾಕ್. ಬೆಳಗಿನ ಚಳಿಯಲ್ಲಿ ಮಾತ್ರ "ಕಿರ‍್ರ್" ಅಂದರೆ ಒಣಗಿದ ರಬ್ಬರ್.

ಬ್ರೇಕಿಗೆ ಒಂದು, ಬಿಟ್ಟಾಗ ಒಂದು "ಲಟಕ್" ಬಂದರೆ ಮೂರು ಕಡೆ ನೋಡಬೇಕು: ಲೋವರ್ ಆರ್ಮ್ ಬುಷ್ (ಚಕ್ರವನ್ನು ಬಾಡಿಗೆ ಹಿಡಿದಿಡುವ ಕೆಳಗಿನ ತೋಳು ಬಾಡಿಗೆ ಸೇರುವ ಕಡೆಯ ರಬ್ಬರ್ ಕೀಲು), ಬಾಲ್ ಜಾಯಿಂಟ್ (ಅದೇ ತೋಳು ಚಕ್ರದ ಕಡೆ ಸೇರುವ ಗುಂಡು ಕೀಲು), ಬ್ರೇಕ್ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ). ಕ್ಯಾಲಿಪರನ್ನು ಪಟ್ಟಿಯಿಂದ ಬಿಡಲು ಸುಲಭದ ದಾರಿ ಇದೆ. ಕೆಟ್ಟ ರಸ್ತೆಯಲ್ಲಿ ಬ್ರೇಕನ್ನು ಸ್ವಲ್ಪವೇ ಒತ್ತಿಹಿಡಿದು ಹೋಗಬೇಕು. ಆಗ ಶಬ್ದ ನಿಂತರೆ ಪ್ಯಾಡೋ ಕ್ಯಾಲಿಪರೋ ಅಲುಗುತ್ತಿದೆ ಅಂತ. ರೈಟ್ರ ಗಾಡಿಯಲ್ಲಿ ನಿಲ್ಲಲಿಲ್ಲ. ಲಟಕ್ ಮಾತ್ರವಲ್ಲ, ಎಡಗಡೆ ಸಣ್ಣದೊಂದು ಲೊಟಲೊಟವೂ ಇತ್ತು. ವಾಪಸ್ ಬಂದು ಗೇಟಿನ ಹತ್ತಿರ ತಿರುಗಿಸುವಾಗ ಒಂದು "ಟಂಗ್" ಕೂಡ.

ಗಾಡಿಯನ್ನು ಲಿಫ್ಟಿಗೆ ಏರಿಸಿದೆವು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ, ಬೇರಿಂಗ್ ಗಟ್ಟಿ. ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿದೆ, ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಗಟ್ಟಿ. ರ‍್ಯಾಕ್ ಹೋಗಿದೆ ಅನ್ನುವ ಮಾತು ಅಲ್ಲಿಗೇ ಮುಗಿಯಿತು. ಬಾಲ್ ಜಾಯಿಂಟ್ ಕೆಳಗೆ ರಾಡ್ ಕೊಟ್ಟು ಮೀಟಿದೆ, ಅದರಲ್ಲೂ ಪ್ಲೇ ಇಲ್ಲ. ಎಡಗಡೆ ಲಿಂಕ್ ರಾಡಿನಲ್ಲಿ ಮಾತ್ರ ಬೆರಳಿಗೆ ಗೊತ್ತಾಗುವಷ್ಟು ಆಟ ಇತ್ತು. ಸಿಕ್ಕಿತಲ್ಲ ಅಂದುಕೊಂಡೆ. ಎರಡೂ ಕಡೆ ಹೊಸ ಲಿಂಕ್ ರಾಡ್ ಹಾಕಿ, ಊಟ ಮುಗಿಸಿ, ಮತ್ತೆ ರೋಡಿಗೆ ಹೋದೆವು.

ಲೊಟಲೊಟ ಹೋಗಿತ್ತು. ಲಟಕ್ ಹಾಗೇ ಇತ್ತು.

ಸಿಕ್ಕಿದ ಮೊದಲ ಸವೆದ ಭಾಗವನ್ನೇ ಕಳ್ಳ ಅಂತ ಹಿಡಿದುಬಿಡುವುದು ನಮ್ಮ ಕಸುಬಿನ ಹಳೇ ಚಾಳಿ. ಲಕ್ಷ ಕಿಲೋಮೀಟರ್ ದಾಟಿದ ಗಾಡಿಯಲ್ಲಿ ಸವೆದ ಭಾಗ ಒಂದೇ ಇರುತ್ತದಾ? ಅದು ಸವೆದಿದೆ ಅನ್ನುವುದು ಬೇರೆ, ಗ್ರಾಹಕರು ಹೇಳಿದ ಶಬ್ದ ಅದರದ್ದೇ ಅನ್ನುವುದು ಬೇರೆ.

ಸಂಜೆ ನಾಲ್ಕಕ್ಕೆ ಹಳೇ ಪಿಟ್, ಅಂದರೆ ಗಾಡಿಯ ಕೆಳಗೆ ಇಳಿದು ಕೆಲಸ ಮಾಡುವ ಗುಂಡಿ, ನೆನಪಾಯಿತು. ಎರಡು ವರ್ಷದ ಹಿಂದೆ ಟೂ ಪೋಸ್ಟ್ ಲಿಫ್ಟ್ ಹಾಕಿಸಿದ ಮೇಲೆ ನಾವು ಪಿಟ್ಟಿಗೆ ಹಲಗೆ ಮುಚ್ಚಿ, ಮೇಲೆ ಹಳೇ ಟೈರ್ ಪೇರಿಸಿದ್ದೆವು. ಈ ಲಿಫ್ಟ್ ಗಾಡಿಯ ಬಾಡಿಯನ್ನು ಹಿಡಿದು ಎತ್ತುತ್ತದೆ, ಹಾಗಾಗಿ ನಾಲ್ಕೂ ಚಕ್ರ ಜೋತು ಬೀಳುತ್ತವೆ. ಜೋತುಬಿದ್ದ ಸಸ್ಪೆನ್ಷನ್ ರಸ್ತೆ ಮೇಲಿನ ಸಸ್ಪೆನ್ಷನ್ ಅಲ್ಲ. ಭಾರ ಬಿದ್ದಾಗ ಬಾಯಿ ಬಿಡುವ ಬಿರುಕು ಅಲ್ಲಿ ಮುಚ್ಚಿಕೊಂಡಿರಬಹುದು. ಪಿಟ್ಟಿನ ಮೇಲೆ ಗಾಡಿ ತನ್ನ ಭಾರವನ್ನು ತಾನೇ ಹೊತ್ತು ನಿಲ್ಲುತ್ತದೆ, ಕೆಳಗೆ ನಿಂತು ನಾವು ನೋಡಬಹುದು.

ಟೈರ್ ಸರಿಸಿ, ಹಲಗೆ ತೆಗೆದು, ಗಾಡಿ ನಿಲ್ಲಿಸಿದೆವು. ಎಂಜಿನ್ ಆಫ್. ಹುಡುಗ ಒಳಗೆ ಕೂತು ಬ್ರೇಕ್ ಗಟ್ಟಿಯಾಗಿ ತುಳಿದ. ಇಬ್ಬರು ಹೊರಗೆ ನಿಂತು ಗಾಡಿಯನ್ನು ಮುಂದಕ್ಕೂ ಹಿಂದಕ್ಕೂ ತೂಗಿದರು. ಚಕ್ರ ಕದಲುವುದಿಲ್ಲ, ಬಾಡಿ ಮಾತ್ರ ಎಳೆದಾಡುತ್ತದೆ. ನಾನು ಕೆಳಗೆ ಟಾರ್ಚ್ ಹಿಡಿದು ನಿಂತೆ. ಮೂರನೇ ತೂಗಿಗೆ ಕಾಣಿಸಿತು. ಎಡಗಡೆ ಲೋವರ್ ಆರ್ಮಿನ ಮುಂದಿನ ಬುಷ್‌ನಲ್ಲಿ, ನಡುವಿನ ಕಬ್ಬಿಣದ ಕೊಳವೆ ನಿಂತಲ್ಲೇ ಇತ್ತು. ಆರ್ಮಿನ ಕಣ್ಣು (ಬುಷ್ ಕೂರುವ ತೂತು) ಅದರ ಸುತ್ತ ಐದಾರು ಮಿಲಿಮೀಟರ್ ಸರಿದು ಲಟಕ್ ಅಂತ ಬಡಿಯುತ್ತಿತ್ತು. ಬಲಗಡೆಯೂ ಅದೇ ಕಥೆ, ಸ್ವಲ್ಪ ಕಡಿಮೆ ಅಷ್ಟೇ.

ಇಷ್ಟಾದ ಮೇಲೆ ರೈಟ್ರು ಮೆಲ್ಲಗೆ ಅಂದರು: "ಅಣ್ಣ, ಈ ಬುಷ್ ಜನವರೀಲಿ ನೀವೇ ಹಾಕಿದ್ದಲ್ವಾ?"

ಬಿಲ್ ಬುಕ್ ತೆಗೆದು ನೋಡಿದೆ. ಹೌದು, ನಾವೇ. ಜನವರಿಯಲ್ಲಿ, 98,000 ಕಿಲೋಮೀಟರಿಗೆ. ಕಂಪನಿಯಿಂದ ಬಂದ ಬುಷ್ ಹತ್ತಿರ ಹತ್ತಿರ ಲಕ್ಷ ಕಿಲೋಮೀಟರ್ ಬಾಳಿತ್ತು. ನಾವು ಹಾಕಿದ್ದು 14,000ಕ್ಕೇ ಹೋಗಿತ್ತು.

ಮೊದಲು ಮಾಡಿದ ಕೆಲಸ ಎಲ್ಲರೂ ಮಾಡುವುದೇ. ಸ್ಪೇರ್ಸ್ ಅಂಗಡಿಗೆ ಫೋನ್ ಮಾಡಿ, "ಎಂಥ ಡೂಪ್ಲಿಕೇಟ್ ಮಾಲು ಕೊಟ್ಟಿದ್ದೀಯಪ್ಪ" ಅಂತ ರೇಗಿದೆ. ಅವನೂ ಸುಮ್ನೆ ಕೇಳಿಸಿಕೊಂಡ. ಆರ್ಮ್ ಬಿಚ್ಚಿ ಬೆಂಚಿನ ಮೇಲಿಟ್ಟ ಮೇಲೆ ನನಗೆ ನಾಚಿಕೆ ಶುರುವಾಯಿತು.

ಈ ಆರ್ಮ್ ಸುಮಾರಾಗಿ ಇಂಗ್ಲಿಷಿನ ಎಲ್ ಅಕ್ಷರದ ಹಾಗಿದೆ. ಚಕ್ರದ ಕಡೆ ಬಾಲ್ ಜಾಯಿಂಟ್, ಬಾಡಿಯ ಕಡೆ ಎರಡು ಬುಷ್. ಮುಂದಿನ ಬುಷ್‌ನ ಬೋಲ್ಟ್ ಗಾಡಿಯ ಉದ್ದಕ್ಕೆ ಮಲಗಿರುತ್ತದೆ. ಹಿಂದಿನದರ ಬೋಲ್ಟ್ ನೆಟ್ಟಗೆ ನಿಂತಿರುತ್ತದೆ. ಜನವರಿಯಲ್ಲಿ ನಾಲ್ಕನ್ನೂ ಒಟ್ಟಿಗೆ ಹಾಕಿದ್ದೆವು, ಒಂದೇ ಅಂಗಡಿ, ಒಂದೇ ಬ್ರ್ಯಾಂಡ್. ಹಿಂದಿನ ಎರಡೂ ಹೊಸದರ ಹಾಗೇ ಇದ್ದವು. ಹರಿದಿದ್ದು ಮುಂದಿನ ಎರಡು ಮಾತ್ರ. ಮಾಲು ಕೆಟ್ಟದ್ದಾಗಿದ್ದರೆ ಹೀಗೆ ಜಾಗ ನೋಡಿ ಹರಿಯುತ್ತದಾ?

ಹರಿದಿದ್ದ ರೀತಿಯೂ ವಿಚಿತ್ರವಾಗಿತ್ತು. ವಯಸ್ಸಾಗಿ ಸತ್ತ ರಬ್ಬರಿನ ಮೈತುಂಬ ಕೂದಲೆಳೆಯಂಥ ಬಿರುಕು ಇರುತ್ತದೆ, ಉಜ್ಜಿದರೆ ಕೈಗೆ ಕಪ್ಪು ಪುಡಿ ಹತ್ತುತ್ತದೆ. ಇದರಲ್ಲಿ ಅದೇನೂ ಇರಲಿಲ್ಲ. ರಬ್ಬರ್ ಮೆತ್ತಗಿತ್ತು, ಹೊಳೆಯುತ್ತಿತ್ತು. ನಡುವಿನ ಕೊಳವೆಯ ಪಕ್ಕದಿಂದ ಶುರುವಾದ ಸೀಳು ಓರೆಯಾಗಿ ಸುತ್ತಿಕೊಂಡು ಹೊರಗೆ ಹೋಗಿತ್ತು, ತಿರುಚಿ ಹಿಂಡಿದ ಬಟ್ಟೆ ಹರಿದ ಹಾಗೆ. ಎಡದ್ದು ಒಂದು ಕಡೆಗೆ ತಿರುಚಿತ್ತು, ಬಲದ್ದು ಅದಕ್ಕೆ ಕನ್ನಡಿ ಹಿಡಿದಂತೆ ಉಲ್ಟಾ.

ಈ ಬುಷ್ ಬೇರಿಂಗಿನ ಹಾಗೆ ತಿರುಗುವ ವಸ್ತು ಅಲ್ಲ, ಇದನ್ನು ಮರೆತರೆ ಮುಂದಿನದ್ದು ಅರ್ಥವಾಗುವುದಿಲ್ಲ. ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಕೊಳವೆ, ನಡುವೆ ಎರಡಕ್ಕೂ ಅಂಟಿದ ರಬ್ಬರ್. ಬೋಲ್ಟ್ ಟೈಟ್ ಮಾಡಿದಾಗ ಒಳಗಿನ ಕೊಳವೆ ಬಾಡಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಚಕ್ರ ಮೇಲೆ ಕೆಳಗೆ ಹೋದಾಗ ಆರ್ಮ್ ಜೊತೆ ಹೊರಗಿನ ಬಳೆ ತಿರುಗುತ್ತದೆ, ರಬ್ಬರ್ ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಹಾಗಾದರೆ ರಬ್ಬರ್ ಆರಾಮಾಗಿರುವುದು ಯಾವಾಗ? ಬೋಲ್ಟ್ ಟೈಟ್ ಮಾಡುವಾಗ ಆರ್ಮ್ ಯಾವ ಕೋನದಲ್ಲಿತ್ತೋ, ಆ ಕೋನದಲ್ಲಿ ಮಾತ್ರ.

ನಾವು ಟೈಟ್ ಮಾಡಿದ್ದು ಲಿಫ್ಟಿನ ಮೇಲೆ, ಚಕ್ರ ಜೋತುಬಿದ್ದಾಗ.

ಸುಮ್ನೆ ಊಹೆ ಬೇಡ ಅಂತ ಟೇಪ್ ತೆಗೆದೆ. ಗಾಡಿ ನೆಲದ ಮೇಲಿದ್ದಾಗ ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ 36 ಸೆಂಟಿಮೀಟರ್. ಲಿಫ್ಟಿನಲ್ಲಿ ಜೋತಾಡುವಾಗ 44. ಅಂದರೆ 8 ಸೆಂಟಿಮೀಟರ್ ಇಳಿತ. ಆರ್ಮಿನ ಬುಷ್‌ನಿಂದ ಬಾಲ್ ಜಾಯಿಂಟಿಗೆ 33 ಸೆಂಟಿಮೀಟರ್. ಲೆಕ್ಕ ಹಾಕಿದರೆ ಸುಮಾರು 14 ಡಿಗ್ರಿ ತಿರುವು. ಗಾಡಿಯನ್ನು ಕೆಳಗಿಳಿಸಿದ ಕ್ಷಣದಿಂದ ರಬ್ಬರ್ 14 ಡಿಗ್ರಿ ತಿರುಚಿಕೊಂಡೇ ಇತ್ತು. ನಿಂತಾಗಲೂ, ರಾತ್ರಿ ಶೆಡ್ಡಿನಲ್ಲಿದ್ದಾಗಲೂ. ಅದರ ಮೇಲೆ ಘಾಟಿಯ ಒಂದೊಂದು ಗುಂಡಿ ಇನ್ನಷ್ಟು ತಿರುಚುತ್ತಿತ್ತು. ಹಿಂದಿನ ಬುಷ್‌ನ ಬೋಲ್ಟ್ ನೆಟ್ಟಗಿರುವುದರಿಂದ ಅದಕ್ಕೆ ಈ ತಿರುಚು ತಾಗುವುದಿಲ್ಲ. ಅದು ಉಳಿದಿದ್ದು ಅದಕ್ಕೇ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಹದಿನೈದು ವರ್ಷ ಪಿಟ್ಟಿನಲ್ಲಿ ಕೆಲಸ ಮಾಡಿದಾಗ ಈ ತೊಂದರೆ ಬಂದಿರಲಿಲ್ಲ. ಆಗ ನನಗೆ ನಿಯಮ ಗೊತ್ತಿತ್ತು ಅಂತಲ್ಲ. ಜಾಕ್ ಮೇಲೆ ನಿಂತ ಗಾಡಿಯ ಬೋಲ್ಟಿಗೆ ಪೈಪ್ ಹಾಕಿ ಜೋರಾಗಿ ಎಳೆಯಲು ಭಯ, ಗಾಡಿ ಜಾರಿದರೆ ಕಥೆ ಮುಗೀತು. ಹಾಗಾಗಿ ಬೋಲ್ಟನ್ನು ಕೈಯಲ್ಲಿ ಕೂರಿಸಿ, ಗಾಡಿ ಇಳಿಸಿ, ಪಿಟ್ಟಿಗಿಳಿದು ಕೊನೆಯ ಟೈಟ್ ಕೊಡುತ್ತಿದ್ದೆವು. ಭಯ ನಮ್ಮಿಂದ ಸರಿಯಾದ ಕೆಲಸ ಮಾಡಿಸುತ್ತಿತ್ತು. ಲಿಫ್ಟ್ ಬಂತು, ಭಯ ಹೋಯಿತು, ಬೋಲ್ಟ್ ತಿರುಗಿಸುವ ಏರ್ ಗನ್ ಬಂತು. ಮೇಲೆ ನಿಂತಿರುವಾಗಲೇ ಟ್ರ‍್ರ್ ಅನ್ನಿಸಿ ಮುಗಿಸಿಬಿಡುವುದು ಅಭ್ಯಾಸವಾಯಿತು. ಹುಡುಗನಿಗೆ ಹಾಗೆ ಹೇಳಿಕೊಟ್ಟವನೂ ನಾನೇ.

ರೈಟ್ರಿಗೆ ಇದನ್ನೆಲ್ಲ ಬೆಂಚಿನ ಹತ್ತಿರ ನಿಲ್ಲಿಸಿಕೊಂಡು ಹೇಳಿದೆ. ಅವರು ಹರಿದ ಬುಷ್ ಕೈಯಲ್ಲಿ ತಿರುಗಿಸಿ ನೋಡಿದರು. "ತಪ್ಪು ನಿಮ್ದೇ ಅಂತ ನೀವೇ ಹೇಳ್ತಿದೀರಲ್ಲ, ಮತ್ತೆ ನಾನೇನ್ ಬೈಲಿ" ಅಂದು ಕಾಫಿ ಕೇಳಿದರು.

ಮಾರನೇ ದಿನ ಕೆಲಸ. ಆರ್ಮ್ ಚೆನ್ನಾಗಿತ್ತು, ಬಾಲ್ ಜಾಯಿಂಟೂ ಗಟ್ಟಿ. ಹಾಗಾಗಿ ಇಡೀ ಆರ್ಮ್ ಬದಲಿಸದೆ ಮುಂದಿನ ಬುಷ್ ಎರಡನ್ನು ಮಾತ್ರ ಹಾಕಿದೆವು. ಲೇತ್ ಅಂಗಡಿಯ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಹಳೆಯದನ್ನು ಒತ್ತಿ ತೆಗೆದು ಹೊಸದನ್ನು ಕೂರಿಸಿದೆವು. ಸುತ್ತಿಗೆಯಲ್ಲಿ ಬಡಿದು ಹಾಕುವವರಿದ್ದಾರೆ. ಬಡಿದರೆ ಬಳೆ ಸೊಟ್ಟಗಾಗುತ್ತದೆ, ಸೊಟ್ಟ ಬಳೆ ತಿಂಗಳಿಗೇ ಕಣ್ಣಿನಿಂದ ಹೊರಗೆ ಬರುತ್ತದೆ. ಒತ್ತುವಾಗ ಜಾರಲು ಸೋಪಿನ ನೀರು ಸಾಕು, ಗ್ರೀಸ್ ಬೇಡ. ಸಾಮಾನ್ಯ ಗ್ರೀಸು, ಡೀಸೆಲ್ಲು, ಸುಟ್ಟ ಆಯಿಲ್ಲು ಎಲ್ಲವೂ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಮಾತು ಬಂತು ಅಂತ ಹೇಳುತ್ತೇನೆ. ವಾಟರ್ ಸರ್ವಿಸ್ ಮಾಡುವ ಕಡೆ ಕೊನೆಗೆ ಗಾಡಿಯ ಹೊಟ್ಟೆಗೆಲ್ಲ ಡೀಸೆಲ್ಲೋ ಹಳೇ ಆಯಿಲ್ಲೋ ಹೊಡೆಯುತ್ತಾರಲ್ಲ, ಅದನ್ನು ಬೇಡ ಅನ್ನಿ. ಎರಡು ದಿನ ಕಿರ‍್ರ್ ನಿಲ್ಲುತ್ತದೆ, ಆಮೇಲೆ ರಬ್ಬರೇ ಕೊಳೆಯುತ್ತದೆ. ರೈಟ್ರ ಗಾಡಿಯ ಸ್ಟೆಬಿಲೈಸರ್ ಬುಷ್ ಎರಡೂ ಹಾಗೇ ಲೊಳಲೊಳ ಆಗುವ ಹಾದಿಯಲ್ಲಿದ್ದವು.

ಟಂಗ್ ಶಬ್ದದ್ದು ಬೇರೆ ಲೆಕ್ಕ. ಬಾನೆಟ್ ತೆಗೆದು, ಒಬ್ಬ ಸ್ಟೇರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಮೇಲೆ ಕೈಯಿಟ್ಟೆ. ಎಡಗಡೆ ಸ್ಪ್ರಿಂಗ್ ನಿಂತು ನಿಂತು ಜಿಗಿಯುತ್ತಿತ್ತು. ಮೌಂಟ್ ಬೇರಿಂಗಿಗೆ ನೀರು ಹೋಗಿ ತುಕ್ಕು ಹಿಡಿದಿತ್ತು. ಎರಡೂ ಕಡೆ ಮೌಂಟ್ ಬದಲಿಸಿದೆವು. ಇದಕ್ಕೆ ಸ್ಪ್ರಿಂಗ್ ಬಿಚ್ಚಬೇಕು, ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಆ ನಡುವಿನ ನಟ್ಟಿಗೆ ಯಾರೂ ಕೈ ಹಾಕಬೇಡಿ. ಒತ್ತಿಟ್ಟ ಸ್ಪ್ರಿಂಗ್ ನೂರಾರು ಕೆಜಿ ಬಲ ಹಿಡಿದುಕೊಂಡಿರುತ್ತದೆ. ಬಿಡುವಾಗ ಮುಖ ಮೂತಿ ನೋಡುವುದಿಲ್ಲ.

ಶಾಕ್ ಬದಲಿಸಲಿಲ್ಲ. ಬಲಗಡೆಯದರ ಮೈಮೇಲೆ ಆಯಿಲಿನ ತೆಳು ಪಸೆ ಇತ್ತು, ಅದಕ್ಕೆ ಧೂಳು ಅಂಟಿತ್ತು. ಭಾವಮೈದ ನೋಡಿದ್ದು ಅದನ್ನೇ ಇರಬೇಕು. ಪಸೆ ಬೇರೆ, ಸೋರಿಕೆ ಬೇರೆ. ಒರೆಸಿ ಒಂದು ವಾರ ಓಡಿಸಿದ ಮೇಲೂ ಹನಿ ಇಳಿದು ಬಂದರೆ ಅದು ಸೋರಿಕೆ. ಸ್ಪ್ರಿಂಗ್ ಬಿಚ್ಚಿದಾಗ ಶಾಕ್ ರಾಡನ್ನು ಕೈಯಲ್ಲಿ ಒತ್ತಿ ನೋಡಿದೆ. ಇಡೀ ದೂರ ಒಂದೇ ಬಿಗಿ ಇತ್ತು, ನಡುವೆ ಎಲ್ಲೂ ಸಡಿಲ ಜಾಗ ಇರಲಿಲ್ಲ.

ಈಗ ಮುಖ್ಯ ಬೋಲ್ಟಿಗೆ ಬರೋಣ. ಲಿಫ್ಟಿನ ಮೇಲೆ ಆರ್ಮ್ ಕೂರಿಸಿ, ತಾನಾಗಿ ಸಡಿಲವಾಗದ ಹೊಸ ನೈಲಾಕ್ ನಟ್ ಹಾಕಿ, ಬೋಲ್ಟನ್ನು ಆಟ ಹೋಗುವಷ್ಟು ಮಾತ್ರ ತಿರುಗಿಸಿದೆವು. ಚಕ್ರ ಹಾಕಿ ಗಾಡಿ ಇಳಿಸಿದೆವು. ಇಳಿಸಿದ ಕೂಡಲೇ ಟೈಟ್ ಮಾಡಿದರೂ ತಪ್ಪೇ. ಇಳಿಯುವಾಗ ಟೈರು ನೆಲ ಕಚ್ಚಿಕೊಂಡು ಗಾಡಿಯನ್ನು ಸ್ವಲ್ಪ ಮೇಲೇ ಹಿಡಿದಿರುತ್ತದೆ. ಹತ್ತು ಅಡಿ ಹಿಂದೆ ಮುಂದೆ ತಳ್ಳಿ, ಬಾನೆಟ್ ಮೇಲೆ ಎರಡು ಸಲ ಒತ್ತಿ, ಟೇಪ್ ಹಿಡಿದೆ. 36 ಸೆಂಟಿಮೀಟರ್. ಆಮೇಲೆ ಪಿಟ್ಟಿಗಿಳಿದು, ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚಿನಲ್ಲಿ ಟೈಟ್ ಮಾಡಿದೆ. ಕೊನೆಗೆ ಬುಷ್ ಮೇಲೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದೆ, ಒಳಗಿನ ಕೊಳವೆಯಿಂದ ರಬ್ಬರ್ ದಾಟಿ ಹೊರಗಿನ ಬಳೆಯವರೆಗೆ, ನೇರವಾಗಿ.

ರೈಟ್ರಿಗೆ ತೋರಿಸಲು ಗಾಡಿಯನ್ನು ಮತ್ತೊಮ್ಮೆ ಲಿಫ್ಟಿಗೆ ಏರಿಸಿದೆ. ಚಕ್ರ ಜೋತುಬೀಳುತ್ತಿದ್ದ ಹಾಗೆ ಆ ನೇರ ಗೆರೆ ಕೊಕ್ಕೆಯ ಹಾಗೆ ಬಗ್ಗಿತು. ಇಳಿಸಿ ತಳ್ಳಿ ನೋಡಿದರೆ ಮತ್ತೆ ನೇರ. ನಮ್ಮ ಹುಡುಗ ಅದನ್ನು ಫೋನಿನಲ್ಲಿ ತೆಗೆದುಕೊಂಡ. ನಾನು ಹೇಳಿದ್ದಕ್ಕಿಂತ ಆ ಗೆರೆ ಅವನಿಗೆ ಜಾಸ್ತಿ ಹೇಳಿತು.

ಟೈರು ಒಂದು ಬಾಕಿ. ಎಡ ಮುಂದಿನದು ಹೊರ ಅಂಚಿನಲ್ಲಿ 5 ಮಿಲಿಮೀಟರ್ ಇದ್ದರೆ ಒಳ ಅಂಚಿನಲ್ಲಿ 2.5 ಇತ್ತು. ಕಾನೂನಿನ ಮಿತಿ 1.6, ಇನ್ನೂ ಓಡಿಸಬಹುದು. ಬುಷ್ ಸಡಿಲವಾಗಿ ಚಕ್ರದ ದಿಕ್ಕು ಅಲುಗಾಡಿದ್ದರ ಗುರುತು ಅದು. ರಿಮ್ಮಿನಿಂದ ಬಿಚ್ಚಿ ಮಗುಚಿ ಹಾಕಿಸಿದೆವು, ಒಳಗಿನ ಅಂಚು ಹೊರಗೆ ಬಂತು. ಟೈರಿನ ಮೇಲೆ ಇಂಥದ್ದೇ ಮುಖ ಹೊರಗಿರಬೇಕು ಅಂತಲೋ, ತಿರುಗುವ ದಿಕ್ಕಿನ ಬಾಣವೋ ಇದ್ದರೆ ಹೀಗೆ ಮಾಡುವಂತಿಲ್ಲ. ಇದರಲ್ಲಿ ಇರಲಿಲ್ಲ. ಕೊನೆಗೆ ಅಲೈನ್‌ಮೆಂಟ್.

ಲಿಂಕ್ ರಾಡ್ 1,300, ಮೌಂಟ್ ಎರಡು ಕಡೆ ಸೇರಿ 2,200, ಅವುಗಳ ಕೂಲಿ 1,200. ಒಟ್ಟು 4,700 ರೂಪಾಯಿ ತೆಗೆದುಕೊಂಡೆ. ಬುಷ್, ಪ್ರೆಸ್, ಅಲೈನ್‌ಮೆಂಟ್ ನಮ್ಮ ಲೆಕ್ಕ. ಸ್ಪೇರ್ಸ್ ಅಂಗಡಿಯವನಿಗೆ ಫೋನ್ ಮಾಡಿ ತಪ್ಪಾಯ್ತಪ್ಪ ಅಂದೆ. ಅವನು ಅದನ್ನೂ ಸುಮ್ನೆ ಕೇಳಿಸಿಕೊಂಡ.

ಆಮೇಲೆ ಇನ್ನೊಂದು ಕೆಲಸ ಬಿತ್ತು. ಲಿಫ್ಟ್ ಬಂದ ಮೇಲೆ ಇದೇ ಥರ ಎಷ್ಟು ಗಾಡಿಗೆ ಬುಷ್ ಹಾಕಿದ್ದೇವೆ? ಬಿಲ್ ಬುಕ್ ಹುಡುಕಿದರೆ ಹನ್ನೊಂದು. ಅದರಲ್ಲಿ ಎರಡು ಹಿಂದಿನ ಆಕ್ಸಲ್ ಬೀಮ್ ಬುಷ್, ಅದಕ್ಕೂ ಇದೇ ನಿಯಮ. ಎಲ್ಲರಿಗೂ ಫೋನ್ ಮಾಡಿದೆ. ಒಬ್ಬರು ಗಾಡಿ ಮಾರಿದ್ದರು. ಇಬ್ಬರು, ಫೋನ್ ಮಾಡಿ ಕರೆದು ಫ್ರೀಯಾಗಿ ಮಾಡಿಕೊಡುತ್ತೇನೆ ಅಂದಿದ್ದಕ್ಕೇ ಅನುಮಾನಪಟ್ಟು ಬರಲಿಲ್ಲ. ಒಬ್ಬರು ಬರುತ್ತೇನೆ ಅಂತಲೇ ಇದ್ದಾರೆ. ಏಳು ಗಾಡಿ ಬಂದವು. ಎರಡರಲ್ಲಿ ಸೀಳು ಶುರುವಾಗಿತ್ತು, ಬುಷ್ ಬದಲಿಸಿದೆವು. ಉಳಿದ ಐದರಲ್ಲಿ ಪಿಟ್ಟಿನ ಮೇಲೆ ಬೋಲ್ಟ್ ಸಡಿಲ ಮಾಡಿದಾಗ ಒಳಗಿನ ಕೊಳವೆ ಟಕ್ ಅಂತ ತಾನೇ ತಿರುಗಿ ಕೂತಿತು. ಮತ್ತೆ ಟೈಟ್ ಮಾಡಿದೆವು, ಅಷ್ಟೇ. ಒಂದು ಗಾಡಿಗೆ ಇಪ್ಪತ್ತು ನಿಮಿಷ. ಹಳೇ ಟೈರುಗಳಿಗೆ ಈಗ ಕಾಂಪೌಂಡ್ ಮೂಲೆ ಕೊಟ್ಟಿದ್ದೇವೆ.

ರೈಟ್ರು ಮಾರ್ಚಿನಲ್ಲಿ ಆಯಿಲ್ ಬದಲಿಸಲು ಬಂದರು. 9,000 ಕಿಲೋಮೀಟರ್ ಓಡಿತ್ತು. ಪಿಟ್ಟಿಗಿಳಿದು ನೋಡಿದೆ. ಕೆಸರು ಒರೆಸಿದರೆ ಬಿಳಿ ಗೆರೆ ನೇರವಾಗಿಯೇ ಇತ್ತು, ರಬ್ಬರಿನಲ್ಲಿ ಸೀಳಿಲ್ಲ. ಮೇಲೆ ಬಂದು ಹೇಳಿದರೆ ರೈಟ್ರು ತಲೆ ಕೆರೆದುಕೊಂಡರು.

"ಮುಂದೆ ಏನೂ ಇಲ್ಲ ಅಣ್ಣ, ಆವತ್ತಿಂದ ಹಿಂದೆ ಒಂದು ಖಡಲ್ ಖಡಲ್ ಅನ್ನುತ್ತೆ."

ಆವತ್ತಿಂದ. ಈ ಸಲ ಕಿವಿಗೆ ಬಿತ್ತು. ಸೀದಾ ಡಿಕ್ಕಿ ತೆಗೆದು, ಮ್ಯಾಟ್ ಎತ್ತಿ, ಸ್ಟೆಪ್ನಿ ಪಕ್ಕ ಕೈ ಹಾಕಿದೆ. ಜಾಕ್ ಸಿಕ್ಕಿತು. ಹುಡುಗ ಅದನ್ನು ವಾಪಸ್ ಇಟ್ಟಿದ್ದ, ಬೆಲ್ಟ್ ಮಾತ್ರ ಕಟ್ಟಿರಲಿಲ್ಲ.